ನೀಲಿಗಟ್ಟಿದ ಚೂರಿ

ಅಣ್ಣನ ಚೂರಿಯ ಅಂಚು ನೀಲಿಗಟ್ಟಿದ್ದನ್ನು ಮೊದಲು ನೋಡಿದಾಗ ನನಗಾದದ್ದು ಹೆಮ್ಮೆ. ರಾಯದುರ್ಗದ ನಮ್ಮ ಜೀನ್ಸ್ ಯೂನಿಟ್ಟಿನ ಹಿಂಬದಿಯಲ್ಲಿ ಕರೆಂಟಿನ ಸಾಣೆಚಕ್ರ ಇತ್ತು. ಅದಕ್ಕೆ ಒತ್ತಿ ಹಿಡಿದಾಗ ಕಿಡಿ ಚೆಲ್ಲಿ, ಅಲಗಿನ ಉದ್ದಕ್ಕೂ ನವಿಲಿನ ಕತ್ತಿನ ಬಣ್ಣ ಓಡಿತು. ಪಕ್ಕದ ಟೇಬಲ್ಲಿನವರನ್ನು ಕರೆದು ತೋರಿಸಿದೆ. ಮುಂಗೈಯ ಕೂದಲು ಬೋಳಿಸಿ ಅದರ ಹರಿತವನ್ನೂ ತೋರಿಸಿದೆ. ಯಾರೋ ‘ಮಾಸ್ಟರ್ ಕೈ ಅಂದ್ರೆ ಮಾಸ್ಟರ್ ಕೈ’ ಎಂದರು. ನಾನು ಉಬ್ಬಿಹೋದೆ.

ಅದು ಕುರಿಗಳ ಗೊರಸು ಕೆತ್ತುವ ಚೂರಿ. ಮಡಕಶಿರದ ಆಚೆ, ರತ್ನಗಿರಿ ಕೋಟೆಯ ಗುಡ್ಡ ಕಾಣುವ ನಮ್ಮ ಊರಿನಲ್ಲಿ ಅಣ್ಣ ಅದನ್ನು ಬಹಳ ವರ್ಷ ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ನನ್ನ ಕೈಗೆ ಕೊಟ್ಟು, ‘ಮೊಂಡಾಗೈತೆ, ನಿಂಗೆ ಗೊತ್ತಲ್ಲ ಈ ಕೆಲ್ಸ, ಸಾಣೆ ಹಿಡ್ಸಿ ತಾ ಕಣಪ್ಪ’ ಎಂದಿದ್ದಳು. ನನಗೆ ಗೊತ್ತಿದ್ದದ್ದು ಬಟ್ಟೆ ಕತ್ತರಿಸುವ ಯಂತ್ರದ ಬ್ಲೇಡು. ಅದನ್ನು ಚಕ್ರಕ್ಕೆ ಎಷ್ಟು ಒತ್ತಿದರೂ, ಎಷ್ಟು ಕಾಯಿಸಿದರೂ ಗಟ್ಟಿತನ ಬಿಟ್ಟುಕೊಡುವುದಿಲ್ಲ. ಅದು ಬೇರೆ ಜಾತಿಯ ಉಕ್ಕು. ಅಣ್ಣನದು ಊರ ಕಮ್ಮಾರ ಕಾಯಿಸಿ, ನೀರಿಗೆ ಅದ್ದಿ ಹದ ಕೊಟ್ಟ ಚೂರಿ. ಅಂಥದ್ದು ನೀಲಿಯಾದರೆ ಹದ ಸುಟ್ಟು ಹೋಯಿತೆಂದೇ ಅರ್ಥ. ಆಗ ನನಗೆ ಇದು ತಿಳಿದಿರಲಿಲ್ಲ. ತಿಳಿದವರನ್ನು ಕೇಳಬೇಕು ಎಂದೂ ಅನ್ನಿಸಲಿಲ್ಲ. ಕಟಿಂಗ್ ಮಾಸ್ಟರ್ ಚೂರಿಯ ವಿಷಯ ಯಾರನ್ನಾದರೂ ಕೇಳುವುದುಂಟೆ?

ಆ ಬೇಸಿಗೆ ಆರ್ಡರ್ ಇಲ್ಲದೆ ಯೂನಿಟ್ಟಿಗೆ ಬೀಗ ಬಿತ್ತು. ಅತ್ತಿಗೆ ಮಂದೆ ಹೊಡೆದುಕೊಂಡು ಭೈರವಾನಿತಿಪ್ಪದ ಕಡೆ ಹೊರಟಿದ್ದಳು. ಅಣ್ಣ ಇದ್ದಾಗ ಪ್ರತಿವರ್ಷವೂ ಹೀಗೆಯೇ. ನಮ್ಮ ಕೆಂಪು ನೆಲದಲ್ಲಿ ಮೇವು ಬತ್ತಿದಾಗ ಪಾವಗಡದ ಮೇಲೆ ನಡೆಯುತ್ತ ಹಗರಿ ಹೊಳೆಯ ಕಡೆಯ ಕಪ್ಪು ಎರೆಹೊಲಗಳಿಗೆ ಹೋಗುವುದು, ಅಲ್ಲಿಯ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿಕೊಳ್ಳುವುದು. ಮಂದೆಯಲ್ಲಿ ನನ್ನ ಪಾಲಿನ ಕುರಿಗಳೂ ಇದ್ದವು. ನಾನು ಫ್ಯಾನಿನ ಕೆಳಗೆ ಬಟ್ಟೆ ಕತ್ತರಿಸುತ್ತಿದ್ದಾಗ ಅವನ್ನು ಬಿಸಿಲಲ್ಲಿ ಕಾದವನು ಅಣ್ಣ. ಒಂದು ದಿನವೂ ‘ಬಾರೋ’ ಎಂದು ಕರೆಯಲಿಲ್ಲ. ಕರೆಯದಿದ್ದದ್ದೇ ನನಗೆ ಅನುಕೂಲವಾಗಿತ್ತು. ಈ ಸಲವಾದರೂ ಜೊತೆಗೆ ನಡೆಯೋಣವೆಂದು ಹೊರಟೆ. ಜೊತೆಗೆ ಗುಮ್ಮಗಟ್ಟೆ ಕಡೆಯವನೊಬ್ಬ ಸಂಬಳದ ಕುರಿಗಾಹಿ, ಒಟ್ಟು ಮೂವರು.

ದಾರಿಯಲ್ಲಿ ಚೂರಿ ಹಗ್ಗ ಕೊಯ್ದಿತು, ಈರುಳ್ಳಿ ಹೆಚ್ಚಿತು, ಚೆನ್ನಾಗಿಯೇ ಇತ್ತು. ಅದರ ಪರೀಕ್ಷೆ ಬಂದದ್ದು ಕೆಂಪು ನೆಲ ಮುಗಿಯುವಲ್ಲಿ.

ನಮ್ಮ ಮನೆಯ ಮಂದೆಗೆ ಒಂದು ಕಟ್ಟುಪಾಡು. ಎರೆಮಣ್ಣಿಗೆ ಕಾಲಿಡುವ ಮೊದಲು, ಗರಸು ನೆಲದ ಕೊನೆಯ ದಿಬ್ಬದ ಮೇಲೆ ಮಂದೆ ನಿಲ್ಲಿಸಿ ಎಲ್ಲ ಕುರಿಗಳ ಗೊರಸು ಕೆತ್ತಬೇಕು. ಕೆತ್ತದೆ ಇಳಿಸುವ ಹಾಗಿಲ್ಲ. ಗೊರಸಿನ ಅಂಚು ಬೆಳೆದು ಒಳಕ್ಕೆ ಮಡಚಿಕೊಂಡಿರುತ್ತದೆ. ಎರೆಹೊಲದಲ್ಲಿ ಒಂದು ಮಳೆ ಬಿದ್ದರೆ ಅಂಟುಮಣ್ಣು ಆ ಮಡಿಕೆಯೊಳಗೆ ಸೇರಿ, ಅಲ್ಲೇ ಕೊಳೆತು, ಕುರಿ ಕುಂಟುತ್ತದೆ. ಕುಂಟುವ ಕುರಿ ಮಂದೆಯ ಜೊತೆ ನಡೆಯಲಾರದು, ಅದು ದಾರಿಯಲ್ಲಿ ಸಿಗುವ ಕಟುಕನ ಪಾಲು. ಅಣ್ಣ ಹೋದ ಮೇಲೆ ಅತ್ತಿಗೆಯ ಬದುಕು ನಿಂತಿದ್ದು ಈ ಕಾಲುಗಳ ಮೇಲೆಯೇ. ಕೆತ್ತುವುದು ಸಂಬಳದವರದಲ್ಲ, ಮನೆಯ ಗಂಡಸರ ಕೆಲಸ, ಕುರಿಯನ್ನು ಮಗ್ಗುಲಿಗೆ ಒರಗಿಸಿ ಹಿಡಿಯುವುದು ಹೆಂಗಸರ ಕೆಲಸ. ಅದೂ ಕಟ್ಟುಪಾಡಿನಲ್ಲೇ ಸೇರಿತ್ತು.

ಆ ದಿಬ್ಬದ ಮೇಲೆ ಬಂಡೆಗಳು, ಜಾಲಿ, ಒಣಹುಲ್ಲು ಇಷ್ಟೇ. ದೂರದಲ್ಲಿ ಕರೆಂಟು ತೆಗೆಯುವ ಗಾಳಿಕಂಬಗಳ ರೆಕ್ಕೆಗಳು ತಿರುಗುತ್ತಿದ್ದವು. ಮೊದಲ ಕುರಿಯನ್ನು ಅತ್ತಿಗೆ ಕೆಡವಿ ಹಿಡಿದಳು. ನಾನು ಕಡ್ಡಿಯಿಂದ ಗೊರಸಿನ ಮಣ್ಣು ತೆಗೆದು, ಅಂಚಿಗೆ ಚೂರಿ ಇಟ್ಟು ಒತ್ತಿದೆ. ಗೊರಸು ಹಾಗೇ ಇತ್ತು. ಚೂರಿಯ ಅಲಗೇ ಡಬ್ಬಿಯ ತಗಡಿನಂತೆ ಮಗುಚಿಕೊಂಡಿತು. ಕಲ್ಲಿಗೆ ಉಜ್ಜಿ ನೆಟ್ಟಗೆ ಮಾಡಿ ಮತ್ತೆ ಒತ್ತಿದೆ. ಮತ್ತೆ ಮಗುಚಿತು. ನಮ್ಮ ಮೂವರ ಬಳಿ ಇದ್ದದ್ದು ಅದೊಂದೇ ಚೂರಿ.

ಅತ್ತಿಗೆ ಚೂರಿ ಇಸಿದುಕೊಂಡು ಉಗುರಿನಿಂದ ಆ ಬಣ್ಣವನ್ನು ಕೆರೆದು ನೋಡಿದಳು.

‘ಇದ್ಯಾಕಪ್ಪ ಹಿಂಗಾಗೈತೆ? ನಿಮ್ಮಣ್ಣನ ಹತ್ರ ಇದ್ದಾಗ ಈ ಬಣ್ಣ ಇರ್ಲಿಲ್ವಲ್ಲ.’

ಕರೆಂಟಿನ ಚಕ್ರಕ್ಕೆ ಹಿಡಿದೆ ಎಂದೆ. ಕುರಿಗಾಹಿ ಬಗ್ಗಿ ನೋಡಿ ನಾಲಗೆ ಲೊಚಗುಟ್ಟಿದ.

‘ಬೆಂದು ಹೋಗೈತ್ರಿ ಇದು. ನೀರು ಹಾಕ್ಕೊಂತ ಹಿಡೀಬೇಕಿತ್ತು. ಯಾಕ ಅವಸರ ಮಾಡಿದ್ರಿ?’

ಅತ್ತಿಗೆ ಬೈಯಲಿಲ್ಲ. ‘ಹೋಗ್ಲಿ ಬಿಡು, ಕಬ್ಬುಣ ತಾನೆ’ ಎಂದು ಚೂರಿಯನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಲಸಕ್ಕೆ ಬಾರದ ಚೂರಿಯನ್ನು ಅಷ್ಟು ಜೋಪಾನವಾಗಿ ಒರೆಸಿದ್ದು ನೋಡಿ ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಮಂದೆಗೆ ಮೊದಲೇ ಹೇಳಿಟ್ಟಿದ್ದ ಕೆಳಗಿನ ಎರೆಹೊಲದ ರೈತ ಮೋಟಾರ್ ಸೈಕಲ್ಲಿನಲ್ಲಿ ಬಂದ. ‘ಮಳಿ ಮಾಡ ಹಾಕೈತ್ರಿ. ಬರ್ತೀರೋ, ಇಲ್ಲಾ ಬ್ಯಾರೆ ಮಂದಿ ಕುರಿ ಕರೀಲೋ?’ ಎಂದು ಕೇಳಿದ. ಗೊರಸಿನ ಕಥೆ ಹೇಳಿದೆವು. ‘ನಮ್ಮನಿ ಈಳಿಗಿ ಕೊಡ್ಲೇನ್ರಿ?’ ಎಂದು ನಕ್ಕು, ಹೆಚ್ಚು ಕಾಯಲಾರೆ ಎಂದು ಹೇಳಿ ಹೋದ. ದಿಬ್ಬದ ಮೇಲೆ ಮೇವು ಇದ್ದದ್ದು ಅಷ್ಟಕ್ಕಷ್ಟೆ. ನೀರು ಒಂದು ಬಂಡೆಯ ದೊಣೆಯಲ್ಲಿ ಮಾತ್ರ, ಅದೂ ತಳ ಕಾಣುತ್ತಿತ್ತು.

‘ನೀನು ರಾಯದುರ್ಗಕ್ಕೆ ಹೋಗಿ ಒಂದು ಚೂರಿ ತಂದ್ಬಿಡು’ ಎಂದಳು ಅತ್ತಿಗೆ. ಬಸ್ಸಿನ ರಸ್ತೆಗೆ ಬಹಳ ದೂರ ನಡೆಯಬೇಕು, ಹೋಗಿ ಬರುವುದರಲ್ಲಿ ಮಳೆ ಬೀಳಬಹುದು, ತೋಳ ತಿರುಗುವ ಜಾಗದಲ್ಲಿ ಇಬ್ಬರೇ ಮಂದೆ ಕಾಯುವುದು ಕಷ್ಟ. ಇವೆಲ್ಲ ನಾನು ಕೊಟ್ಟ ಕಾರಣಗಳು. ಸುಳ್ಳಲ್ಲ. ಆದರೆ ಒಳಗಿದ್ದದ್ದು ಬೇರೆ. ಕೆಡಿಸಿದ್ದು ನಾನು, ಅದನ್ನು ನನ್ನ ಕೈಯಿಂದಲೇ ಸರಿಮಾಡಿ ತೋರಿಸಬೇಕು ಎಂಬ ಹಟ. ‘ಇಲ್ಲೇ ಮಾಡ್ತೀನಿ’ ಎಂದುಬಿಟ್ಟೆ. ಮುಂದೆ ಆದ ಅನಾಹುತದಲ್ಲಿ ಈ ಹಟದ್ದೇ ದೊಡ್ಡ ಪಾಲು.

ಗಾಳಿಕಂಬ ನಿಲ್ಲಿಸಿದವರು ಬಿಟ್ಟುಹೋದ ಕಸದ ರಾಶಿ ದಿಬ್ಬದ ಹಿಂದೆ ಇತ್ತು. ಮರದ ಪೆಟ್ಟಿಗೆಗಳ ತುಂಡು, ಅವಕ್ಕೆ ಬಿಗಿದಿದ್ದ ಉಕ್ಕಿನ ಪಟ್ಟಿ, ಸವೆದು ಬಿಸಾಡಿದ ಗ್ರೈಂಡಿಂಗ್ ಬಿಲ್ಲೆಗಳು, ಮುರಿದ ಗರಗಸದ ಅಲಗು. ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದೆ.

ಮೊದಲು ಪೆಟ್ಟಿಗೆಯ ಪಟ್ಟಿ. ಗ್ರೈಂಡಿಂಗ್ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಅರದಂತೆ ಉಜ್ಜಿ ಮೊನೆ ತೆಗೆದೆ. ಬೇಗ ಹರಿತವಾಯಿತು, ಅಷ್ಟೇ ಬೇಗ ಗೊರಸಿನ ಮೇಲೆ ಬಾಗಿತು. ಎರಡು ಪದರ ಮಾಡಿದರೂ ಬಾಗಿತು. ಅದನ್ನು ಎಸೆದೆ.

ಆಮೇಲೆ ನನ್ನ ಚೀಲ ನೆನಪಾಯಿತು. ಕಟಿಂಗ್ ಮಷೀನಿನಲ್ಲಿ ಸವೆದ ಬ್ಲೇಡುಗಳನ್ನು ನಾವು ಎಸೆಯುವುದಿಲ್ಲ. ದಾರ ಕೊಯ್ಯಲು, ಹಣ್ಣು ಹೆಚ್ಚಲು ಒಂದು ತುಂಡು ಎಲ್ಲರ ಚೀಲದಲ್ಲೂ ಇರುತ್ತದೆ. ನನ್ನ ಬಳಿ ಇದ್ದದ್ದು ಗೇಣುದ್ದದ ತುಂಡು. ತೆಳ್ಳಗಿತ್ತು, ಆದರೆ ನಿಜವಾದ ಗಟ್ಟಿ ಉಕ್ಕು. ಒಂದು ಕೊನೆಗೆ ಹಳೇ ಪ್ಯಾಂಟಿನ ಪಟ್ಟಿಯನ್ನು ದಪ್ಪಗೆ ಸುತ್ತಿ ಹಿಡಿ ಮಾಡಿದೆ. ಬಂಡೆಯ ನುಣುಪು ಭಾಗಕ್ಕೆ ನೀರು ಚಿಮುಕಿಸಿ ಉಜ್ಜಿದೆ. ಎಂಟು ಮಡಿಕೆಯ ಜೀನ್ಸನ್ನು ಒಂದೇ ಎಳೆತಕ್ಕೆ ಸೀಳುವಷ್ಟು ಹರಿತ ತಂದೆ. ಹರಿತ ಎಂದರೆ ನನಗೆ ಗೊತ್ತಿದ್ದ ಅಳತೆ ಅದೊಂದೇ.

ಕೆಲಸ ನಡೆಯಿತು. ಮಡಚಿದ ಅಂಚು ಶೇಂಗಾ ಸಿಪ್ಪೆಯಂತೆ ಉದುರತೊಡಗಿತು. ಬೂದು ಬಣ್ಣದ ಸತ್ತ ಭಾಗ ಹೋಗಿ ಬಿಳಿ ಕಂಡಾಗ ನಿಲ್ಲಿಸಬೇಕು, ಬಿಳಿಯಲ್ಲಿ ತುಸು ಗುಲಾಬಿ ಕಂಡರೆ ಮುಂದೆ ಜೀವ ಇದೆ ಎಂದರ್ಥ. ‘ನಿಧಾನ, ನಿಧಾನ’ ಎನ್ನುತ್ತಿದ್ದಳು ಅತ್ತಿಗೆ. ಕುರಿಗಾಹಿಯೂ, ‘ಪರವಾಗಿಲ್ರಿ ಮಾಸ್ತರ್’ ಎಂದ. ಆ ಒಂದು ಮಾತು ಸಾಕಾಯಿತು, ನನ್ನ ಕೈಗೆ ವೇಗ ಬಂತು. ‘ಗಂಟೆ ಕುರಿ ಹಿಡ್ಕೊಂಬಾ’ ಎಂದೆ.

ಗಂಟೆ ಕುರಿ ಎಂದರೆ ಮಂದೆಯ ಮುಂದೆ ನಡೆಯುವ ಹಿರಿಯ ಕುರಿ. ಕತ್ತಿನಲ್ಲಿ ಹಿತ್ತಾಳೆ ಗಂಟೆ. ಅಣ್ಣ ಅದನ್ನು ಮರಿಯಿಂದ ಕೈಯಲ್ಲೇ ಸಾಕಿದ್ದ. ಅದು ನಡೆದರೆ ಮಂದೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಅದು ಯಾರನ್ನೂ ಒದೆಯುವುದಿಲ್ಲ, ತಾನಾಗಿ ಕಾಲು ಕೊಡುತ್ತದೆ. ಮೂರು ಕಾಲು ಸಲೀಸಾಗಿ ಮುಗಿದವು. ಆ ಹೊತ್ತಿಗೆ ಬಟ್ಟೆಯ ಹಿಡಿ ಬೆವರಿಗೆ, ಕೆಸರಿಗೆ ಒದ್ದೆಯಾಗಿ ಜಾರುತ್ತಿತ್ತು. ನನಗೆ ಅದು ಗೊತ್ತಾಗುತ್ತಿತ್ತು. ನಿಲ್ಲಿಸಿ ಹೊಸದಾಗಿ ಸುತ್ತಬೇಕಿತ್ತು. ಇನ್ನೊಂದೇ ಕಾಲು ಎಂದು ಮುಂದುವರಿದೆ. ಮುಂಗಾಲಿನ ಗೊರಸಿಗೆ ಒತ್ತಿದಾಗ ಹಿಡಿ ತಿರುಗಿತು, ಬ್ಲೇಡು ಒಳಕ್ಕೆ ಇಳಿಯಿತು. ಅಷ್ಟು ಹರಿತದ ಬ್ಲೇಡಿಗೆ ಗೊರಸೂ ಒಂದೇ, ಮಾಂಸವೂ ಒಂದೇ. ತಡೆ ಸಿಕ್ಕಿದ್ದು ಎಲುಬಿನಲ್ಲಿ. ಅಲ್ಲಿ ಚಟ್ಟೆಂದು ಮುರಿಯಿತು.

ಕುರಿ ಕೂಗಲಿಲ್ಲ. ಮೈ ಒಮ್ಮೆ ನಡುಗಿಸಿ ನನ್ನ ಕಡೆ ತಲೆ ತಿರುಗಿಸಿತು, ಅಷ್ಟೆ. ರಕ್ತ ನನ್ನ ಮುಂಗೈ ಮೇಲೆ ಹರಿಯಿತು. ಅತ್ತಿಗೆ ಗಾಯಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ‘ಅರಿಶಿನ ತಾ, ಅರಿಶಿನ ತಾ’ ಎಂದು ಕೂಗಿದಳು. ಮುರಿದ ಚೂರನ್ನು ಉಗುರಿನಿಂದ ಎಳೆದು ತೆಗೆದು, ಅರಿಶಿನ ತುಂಬಿ, ಬೇವಿನೆಣ್ಣೆ ಹಚ್ಚಿ ಕಟ್ಟಿದೆವು. ನಾನು ಪ್ಯಾಂಟಿನ ಬಟ್ಟೆಯಲ್ಲಿ ಕಾಲಿಗೊಂದು ಚೀಲ ಹೊಲಿದೆ. ಹೊಲಿಗೆ ನೆಟ್ಟಗಿತ್ತು, ಅಳತೆ ಸರಿಯಾಗಿ ಕೂತಿತು. ಅದನ್ನು ನೋಡಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಕುರಿ ಎದ್ದು ನಿಂತು, ಆ ಕಾಲನ್ನು ನೆಲಕ್ಕೆ ಊರಿ ನೋಡಿ, ಮತ್ತೆ ಮಡಚಿ ಕುಳಿತಿತು.

ನಾನು ದೂರ ಹೋಗಿ ಬಂಡೆಯ ಹಿಂದೆ ಕೂತೆ. ಇನ್ನು ಯಾವ ಕುರಿಯ ಕಾಲನ್ನೂ ಮುಟ್ಟುವುದಿಲ್ಲ ಎಂದುಕೊಂಡೆ. ಅತ್ತಿಗೆ ಅಲ್ಲಿಗೇ ಬಂದಳು. ಸೊಂಟದಿಂದ ಅಣ್ಣನ ಚೂರಿ ತೆಗೆದು ನನ್ನ ಮುಂದೆ ಇಟ್ಟಳು.

‘ಅಲಗು ಹೋಗೈತೆ. ಹಿಡಿ ಚೆನ್ನಾಗೇ ಐತಲ್ಲ?’

ನನಗೆ ಅರ್ಥವಾಯಿತು, ಆದರೆ ಕೈ ಹೋಗಲಿಲ್ಲ. ಕಮರದ ಮರದ ಆ ಹಿಡಿಯಲ್ಲಿ ಅಣ್ಣನ ಹೆಬ್ಬೆರಳು ಒತ್ತಿ ಒತ್ತಿ ಒಂದು ಗುಳಿ ಬಿದ್ದಿತ್ತು. ‘ಅದನ್ನ ಬಿಚ್ಚೋದು ಬೇಡ ಅತ್ತಿಗೆ’ ಎಂದೆ.

‘ಇಟ್ಕೊಂಡು ಪೂಜೆ ಮಾಡ್ಲಾ? ಮಳೆ ಬತ್ತೈತೆ. ಏಳು.’

ಅವಳೇ ಬೆಂಕಿ ಹಾಕಿದಳು. ನೀಲಿಗಟ್ಟಿದ ಅಲಗನ್ನು ಕೆಂಡದಲ್ಲಿಟ್ಟಳು. ಅಲಗಿನ ಬಾಲವನ್ನು ಹಿಡಿಯೊಳಗೆ ಹಿಡಿದಿಟ್ಟಿದ್ದ ಅರಗು ಕರಗಿ, ವಾಸನೆ ಎದ್ದು, ಹಿಡಿ ಸಡಿಲವಾಯಿತು. ಸೆರಗು ಸುತ್ತಿಕೊಂಡು ಒಂದೇ ಸಲ ಎಳೆದಳು. ಹಿಡಿ ಅವಳ ಕೈಗೆ ಬಂತು. ಒಂದು ಕ್ಷಣ ಅದನ್ನು ಮೂಸಿ ನೋಡಿದಳು. ನಾನು ಬೇರೆ ಕಡೆ ಮುಖ ಮಾಡಿದೆ.

ಉಳಿದದ್ದು ಕಸದ ರಾಶಿಯ ಗರಗಸದ ಅಲಗು. ಕಬ್ಬಿಣದ ಕೊಳವೆ ಕೊಯ್ಯುವ ಯಂತ್ರದ್ದು, ದಪ್ಪನೆಯದು. ಮಷೀನಿನ ಬ್ಲೇಡಿನ ಜಾತಿಯದೇ ಉಕ್ಕು, ಆದರೆ ಅದರ ಹಲವು ಪಟ್ಟು ದಪ್ಪ. ಬೇಕಾದಷ್ಟು ಉದ್ದಕ್ಕೆ ಬಿಲ್ಲೆಯಿಂದ ಗೀರು ಹಾಕಿದೆ, ಎರಡು ಕಲ್ಲುಗಳ ನಡುವೆ ಸಿಕ್ಕಿಸಿ, ಚೂರು ಕಣ್ಣಿಗೆ ಹಾರದಂತೆ ಬಟ್ಟೆ ಮುಚ್ಚಿ ಮೇಲಿನಿಂದ ಗುದ್ದಿದೆ. ಗೀರಿನ ಜಾಗದಲ್ಲೇ ಮುರಿಯಿತು. ಹಲ್ಲುಗಳನ್ನು ಉಜ್ಜಿ ಸಪಾಟು ಮಾಡಿದೆ, ಅದು ಬೆನ್ನಾಯಿತು. ಇನ್ನೊಂದು ಬದಿಯನ್ನು ಅಲಗು ಮಾಡಬೇಕಿತ್ತು. ಆ ಉಕ್ಕು ಬಿಲ್ಲೆಗೂ ಜಗ್ಗದು. ಕುರಿಗಾಹಿ ದೊಣೆಯ ನೀರು ತಂದು ಹನಿಸುತ್ತಿದ್ದ, ನಾನು ಉಜ್ಜುತ್ತಿದ್ದೆ. ಬೆರಳ ತುದಿಯ ಚರ್ಮ ಸುಲಿಯಿತು. ನೀರಿಲ್ಲದೆಯೂ ಈ ಉಕ್ಕಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ‘ಹಾಕು, ಹಾಕು’ ಎನ್ನುತ್ತಿದ್ದೆ. ಬಾಲವನ್ನು ಹಿಡಿಯ ರಂಧ್ರಕ್ಕೆ ಹೊಂದುವಷ್ಟು ಸಣ್ಣದು ಮಾಡಿ, ಹಳೇ ಅರಗನ್ನೇ ಕರಗಿಸಿ ಹೊಯ್ದು ಕೂರಿಸಿದೆವು.

ಕೊನೆಗೆ ಹರಿತದ ಪ್ರಶ್ನೆ. ಕೈ ತನ್ನಷ್ಟಕ್ಕೆ ಬಟ್ಟೆಯ ಹರಿತದ ಕಡೆ ಹೋಗುತ್ತಿತ್ತು. ಗಂಟೆ ಕುರಿ ಎದುರಿಗೇ ಕುಳಿತಿತ್ತು. ಕೂದಲು ಬೋಳಿಸುವಷ್ಟು ಹರಿತವಾಗುವ ಮೊದಲೇ ಉಜ್ಜುವುದನ್ನು ನಿಲ್ಲಿಸಿದೆ. ಮೊನೆಯ ಚೂಪನ್ನು ಕಲ್ಲಿಗೆ ಹಿಡಿದು ದುಂಡಗೆ ಮಾಡಿದೆ, ಅಲಗಿನ ಅಂಚನ್ನೂ ಒಮ್ಮೆ ಬೇಕೆಂದೇ ಸವೆಸಿದೆ. ಗೊರಸನ್ನು ಕೆತ್ತಬೇಕು, ಮಾಂಸಕ್ಕೆ ತಾಗಿದರೆ ಕೈಗೆ ತಿಳಿಯಬೇಕು. ಜೀವಮಾನವೆಲ್ಲ ಹರಿತ ಹೆಚ್ಚಿಸಲು ದುಡಿದವನು ಮೊದಲ ಸಲ ಕಡಿಮೆ ಮಾಡಿದ್ದೆ.

ಚೂರಿಯನ್ನು ಹಿಡಿದು ಮುಂದಿನ ಕುರಿಯ ಬಳಿ ಕೂತೆ. ಗೊರಸಿಗೆ ಇಟ್ಟ ಅಲಗನ್ನು ಒತ್ತದೆ ಹಿಂದಕ್ಕೆ ತೆಗೆದೆ. ಅತ್ತಿಗೆ ಒಂದು ಗಳಿಗೆ ನೋಡಿದಳು.

‘ಇಲ್ಲಿ ಕೊಡು. ನೀನು ಹಿಡ್ಕೋ, ನಾನು ಕೆತ್ತುತೀನಿ.’

ಕುರಿಗಾಹಿಗೆ ಇದು ಹಿಡಿಸಲಿಲ್ಲ. ‘ಹೆಣ್ಮಕ್ಕಳು ಗೊರಸಿಗೆ ಚೂರಿ ಹಚ್ಚಂಗಿಲ್ಲಲ್ರಿ ಅಕ್ಕಾರ.’

‘ಕುರಿಗೇನು ಗೊತ್ತಪ್ಪ ಯಾರ ಕೈ ಅಂತ? ಇಷ್ಟು ವರ್ಷ ಹಿಡ್ಕೊಂಡು ನೋಡಿದ್ದು ಇದನ್ನೇ ಅಲ್ವಾ.’

ಅವಳ ಹೆಬ್ಬೆರಳು ಅಣ್ಣನ ಗುಳಿಯಲ್ಲಿ ಕೂತಿತು. ನಾನು ಒಂದೊಂದೇ ಕುರಿಯನ್ನು ಒರಗಿಸಿ ಹಿಡಿದೆ. ಅವಳು ಬಿಳಿ ಕಂಡಲ್ಲಿಗೆ ನಿಲ್ಲಿಸಿದಳು, ಆ ದಿನ ಮತ್ತೆ ರಕ್ತ ಬರಲಿಲ್ಲ. ಚೂರಿ ನನ್ನ ಕೈಯಲ್ಲಿ ಇಲ್ಲವೆಂದು ನನಗೆ ಹಗುರವಾಯಿತು, ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಮರುದಿನ ಬೆಳಗ್ಗೆ ಮತ್ತೆ ಕೂತು ಉಳಿದವನ್ನೂ ಮುಗಿಸಿದಳು.

ಹೊರಡುವಾಗ ಇನ್ನೊಂದು ತೊಡಕು. ಗಂಟೆ ಕುರಿ ಏಳಲಿಲ್ಲ. ಕುರಿಗಾಹಿ ಶಿಳ್ಳೆ ಹಾಕಿದ, ಮೊದಲು ಕನ್ನಡದಲ್ಲಿ ಕೂಗಿದ, ಆಮೇಲೆ ತೆಲುಗಿನಲ್ಲಿ ಬೈದ. ಮಂದೆ ಅದನ್ನು ಸುತ್ತುವರಿದು ನಿಂತೇ ಇತ್ತು. ನಾನು ಬಗ್ಗಿ ಆ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡೆ. ಗಂಟೆ ನನ್ನ ಕಿವಿಯ ಬಳಿ ಬಡಿಯಿತು. ನಾನು ದಿಬ್ಬ ಇಳಿದೆ, ಇಡೀ ಮಂದೆ ನನ್ನ ಹಿಂದೆ ಬಂತು. ಅವು ನಂಬಿ ಬಂದದ್ದು ನನ್ನನ್ನಲ್ಲ. ರೈತನ ಹೊಲ ಮುಟ್ಟುವವರೆಗೆ ಅದರ ಬಿಸಿ ಉಸಿರು ನನ್ನ ಕೊರಳಿಗೆ ತಾಗುತ್ತಿತ್ತು. ಆ ಸಂಜೆಯೇ ಮಳೆ ಬಂತು. ಕೆತ್ತಿದ ಗೊರಸುಗಳಲ್ಲಿ ಒಂದೂ ಕೊಳೆಯಲಿಲ್ಲ.

ಗಂಟೆ ಕುರಿ ಮಾತ್ರ ನಡೆಯುವಂತಾಗಲಿಲ್ಲ. ದಾರಿಯ ಕಟುಕನ ಕೈಗೆ ಕೊಡಲು ನಾನು ಬಿಡಲಿಲ್ಲ. ರಾಯದುರ್ಗಕ್ಕೆ ಒಯ್ದು ನನ್ನ ಬಾಡಿಗೆ ಮನೆಯ ಹಿಂದೆ ಇಟ್ಟುಕೊಂಡೆ. ಅತ್ತಿಗೆ ಅದರ ಗಂಟೆಯನ್ನು ಬಿಚ್ಚಿ ಇನ್ನೊಂದಕ್ಕೆ ಕಟ್ಟಲು ತೆಗೆದುಕೊಂಡು ಹೋದಳು. ಗಾಯ ಮಾಯಿತು, ಕುಂಟು ಉಳಿಯಿತು. ಯೂನಿಟ್ಟು ತೆರೆದ ಮೇಲೆ ನಾನು ಕೆಲಸಕ್ಕೆ ಹೋಗುವಾಗ ಅದು ಗಲ್ಲಿಯ ತುದಿಯವರೆಗೆ ಕುಂಟುತ್ತ ಬಂದು ನಿಲ್ಲುತ್ತಿತ್ತು. ನೋಡಿದವರು ‘ಎಷ್ಟು ಪ್ರೀತಿ ನೋಡ್ರಿ ಮಾಸ್ತರ್ ಮ್ಯಾಲೆ’ ಎನ್ನುತ್ತಿದ್ದರು.

ಮುಂದಿನ ಬೇಸಿಗೆ ಮಂದೆ ಮತ್ತೆ ಆ ಕಡೆ ಬಂದಾಗ ಅತ್ತಿಗೆ ನನ್ನ ಮನೆಗೆ ಬಂದಳು. ಮೊದಲು ಹಿಂದಕ್ಕೆ ಹೋಗಿ ಕುರಿಯ ಕಾಲು ಎತ್ತಿ ನೋಡಿದಳು. ಆಮೇಲೆ ಸೊಂಟದಿಂದ ಚೂರಿ ತೆಗೆದು, ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದಳು.

‘ಮೊಂಡಾಗೈತೆ. ಸಾಣೆ ಹಿಡ್ದು ಕೊಡು.’

ನಾನು ಕೈ ಚಾಚಲಿಲ್ಲ. ‘ನಾನು ಬೇಡ ಅತ್ತಿಗೆ. ಪೇಟೇಲಿ ಸಾಣೆ ಹಿಡಿಯೋರು ಇದ್ದಾರೆ. ನಾನು ಕೆಡಿಸಿದ್ದು ನಿನಗೆ ಗೊತ್ತಲ್ಲ.’

‘ಗೊತ್ತು ಕಣಪ್ಪ. ಅದಕ್ಕೇ ನಿಂಗೆ ಕೊಡ್ತಿರೋದು. ಬೇರೆಯೋನಾದ್ರೆ ಹೊಸ್ದಾಗಿ ಕೆಡಿಸ್ತಾನೆ.’

ಚೊಂಬಿನಲ್ಲಿ ನೀರು ತಂದು ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತೆ. ಕುರಿ ಕುಂಟುತ್ತ ಬಂದು ಪಕ್ಕದಲ್ಲಿ ನಿಂತಿತು. ಅದರ ಮುಂದೆಯೇ ನೀರು ಹಾಕಿ, ಹಾಕಿ, ನಿಧಾನಕ್ಕೆ ಉಜ್ಜಿದೆ.